ಸೋಮವಾರದ ನೀರು

ನಮ್ಮ ಪ್ರಿನ್ಸಿಪಾಲರು ಕರೆದು ಚಹಾ ಕೊಟ್ಟರೆ ಸುದ್ದಿ ಕೆಟ್ಟದ್ದಿದೆ ಅಂತಲೇ ಅರ್ಥ. ಅವತ್ತು ಚಹಾದ ಜೊತೆ ಗೋಕಾಕದ ಕರದಂಟೂ ಇತ್ತು.

"ನೋಡ್ರಿ, ಮೊದಲ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ," ಅಂದರು. ಯಾರಾದರೂ ಹೀಗೆ ಶುರು ಮಾಡಿದರೆ ನನಗೆ ಅರ್ಧ ಸಿಟ್ಟು ಅಲ್ಲೇ ಬಂದುಬಿಡುತ್ತದೆ. "ವಿಶ್ವವಿದ್ಯಾಲಯದಾಗ ಸುಧಾರಣಾ ಸಮಿತಿ ಅಂತ ಮಾಡ್ಯಾರ. ಸಣ್ಣ ವಿಷಯ ಎಲ್ಲಾ ದೊಡ್ಡ ವಿಷಯದಾಗ ಕೂಡಿಸಿ ಬಿಡೂದು ಅಂತ ಅವರ ವಿಚಾರ. ನಿಮ್ಮ ಭೂಗರ್ಭಶಾಸ್ತ್ರ ಬರೂ ವರ್ಷದಿಂದ ಭೂಗೋಳದಾಗ ಒಂದು ಅಧ್ಯಾಯ ಆಗ್ತೈತಂತ."

"ಒಂದು ಅಧ್ಯಾಯ?"

"ಎರಡು ಮಾಡಸೂಣು ಬೇಕಾದ್ರ," ಅಂದರು ಪಾಪ, ನನ್ನ ಸಮಾಧಾನಕ್ಕೆ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದಾಗಿನ ಮಾತಿದು. ನಮ್ಮ ಕಾಲೇಜು ಜಿಲ್ಲೆಯ ಶಹರದಲ್ಲಿತ್ತು, ವಿಶ್ವವಿದ್ಯಾಲಯ ಒಂದು ರಾತ್ರಿ ರೈಲಿನಷ್ಟು ದೂರ. ನಮ್ಮ ವಿಭಾಗವೆಂದರೆ ಗರಡಿ ಕೋಣೆಯ ಬಾಜೂ ಒಂದೇ ಒಂದು ಖೋಲಿ. ಅದರಲ್ಲಿ ಕಲ್ಲು ತುಂಬಿದ ನಾಲ್ಕು ಕಪಾಟು, ಒಂದು ಸೂಕ್ಷ್ಮದರ್ಶಕ, ಕಲ್ಲಿನ ಚೂರು ತೇಯುವ ಒಂದು ಕಬ್ಬಿಣದ ತಟ್ಟೆ. ಆ ತಟ್ಟೆಯ ಮೇಲೆ ಸಾಣೆ ಹಿಡಿಯುವ ಕುರಂಜಿನ ಪುಡಿ, ನೀರು ಹಾಕಿ ಕಲ್ಲಿನ ಚೂರನ್ನು ತೇಯುತ್ತ ಹೋಗಬೇಕು. ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಬೆಳಕು ಒಳಗಿಂದ ಹಾಯ್ದಾಗ ಮಾತ್ರ ಅದರ ಹೊಟ್ಟೆಯಲ್ಲೇನಿದೆ ಅಂತ ಕಾಣುತ್ತದೆ. ಸ್ವಲ್ಪ ಹೆಚ್ಚು ತೇಯ್ದರೆ ಚೂರೇ ಮಾಯ. ನಮ್ಮ ಹುಡುಗರ ಬೆರಳ ತುದಿ ಸದಾ ಸವೆದಿರುತ್ತಿದ್ದವು. ಇದ್ದವರು ಏಳೇ ಹುಡುಗರು. ಸಮಿತಿಯ ಮಂದಿ ನೋಡಿದ್ದು ಆ ಏಳನ್ನು. ಖೋಲಿಯೊಳಗೆ ಒಬ್ಬನೂ ಕಾಲಿಟ್ಟಿರಲಿಲ್ಲ. ಕಾಲ ಕೆಳಗಿನ ಭೂಮಿಯನ್ನೇ ಸಣ್ಣ ವಿಷಯ ಅನ್ನುವವರಿಗೆ ದೊಡ್ಡದಾಗಿ ಕಾಣುವುದು ಏನು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಪ್ರಿನ್ಸಿಪಾಲರು ಕರದಂಟಿನ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಅದನ್ನು ಕಳಿಸಿದವರು ಒಬ್ಬ ವಕೀಲರು ಎಂದು ಆಗ ತಿಳಿಯಿತು. ಆ ವಕೀಲರೇ ಸುಧಾರಣಾ ಸಮಿತಿಯ ಅಧ್ಯಕ್ಷರು. ಅಷ್ಟೇ ಅಲ್ಲ, ಹಳ್ಳಿಗಳಿಗೆ ಕುಡಿಯುವ ನೀರಿನ ಬಾವಿ ತೋಡಿಸುವ ದಾನಿಗಳ ಮಂಡಳಿಯೊಂದಕ್ಕೂ ಅವರೇ ಅಧ್ಯಕ್ಷರು. ಮೂಡಲಗಿಯಿಂದ ಆಚೆ ದಿಬ್ಬದ ಮೇಲೊಂದು ಊರು. ಅಲ್ಲಿ ಹೊಲಗಳಲ್ಲಿ ಎತ್ತು ಹೂಡಿ ನೀರೆತ್ತುವ ಕಪಲಿ ಬಾವಿ ಬೇಕಾದಷ್ಟಿದ್ದವು, ಊರ ಹೆಂಗಸರಿಗೆ ಕುಡಿಯುವ ನೀರಿನ ಸ್ವಂತ ಬಾವಿ ಒಂದೂ ಇರಲಿಲ್ಲ. ಕಂಡವರ ತೋಟದ ಬಾವಿಗೆ ಹೋಗಿ, ಅವರು ಹೂಂ ಅಂದಾಗ ತುಂಬಿಕೊಳ್ಳಬೇಕು. ಮಂಡಳಿಯವರು ಪುಣೆಯಿಂದ ಒಬ್ಬ ಎಂಜಿನಿಯರನನ್ನು ಕರೆಸಿ ಜಾಗ ಗೊತ್ತು ಮಾಡಿದ್ದರು. ಆದರೆ ವಿಜ್ಞಾನ ಬಲ್ಲವರು ಯಾರಾದರೂ ಸರಿ ಅನ್ನುವವರೆಗೂ ದಾನಿಗಳು ಕೈ ಬಿಚ್ಚಲೊಲ್ಲರು.

"ನೀವು ಹೋಗಿ ನೋಡಿ, ಹೌದು ಅಂತ ಒಂದು ವರದಿ ಬರದು ಕೊಡ್ರಿ," ಅಂದರು ಪ್ರಿನ್ಸಿಪಾಲರು. "ಈ ವಿಷಯ ಮಂದಿಗೆ ಉಪಯೋಗ ಬೀಳ್ತೈತಿ ಅಂತ ಅವರು ಸಮಿತಿಯಾಗ ಎದ್ದು ನಿಂತು ಹೇಳ್ತಾರಂತ. ವಿಷಯ ಉಳೀತದ."

"ನೋಡಿ ಬರೀಬೇಕೋ, ಹೌದು ಅಂತ ಬರೀಬೇಕೋ?"

"ಎರಡೂ ಒಂದ ಅಲ್ರೀ?" ಅಂದರು. ಒಳ್ಳೆಯ ಮನುಷ್ಯ, ಸಂಸ್ಕೃತ ಕಲಿಸುತ್ತಿದ್ದವರು. ಅವರ ಮೇಲೆ ಸಿಟ್ಟು ಮಾಡಲಿಕ್ಕೂ ಬರುವುದಿಲ್ಲ. ಕರದಂಟು ಮುಟ್ಟದೆ ಎದ್ದು ಬಂದೆ.

ಏಳೂ ಹುಡುಗರನ್ನು ಕಟ್ಟಿಕೊಂಡು ರೈಲಿನಲ್ಲಿ ಗೋಕಾಕ ರೋಡಿಗೆ ಇಳಿದು, ಅಲ್ಲಿಂದ ಸಾಮಾನು ಚಕ್ಕಡಿಗೆ ಹೇರಿ ಗೋಕಾಕದ ಒಂದು ಧರ್ಮಶಾಲೆಯಲ್ಲಿ ಬಿಡಾರ ಹೂಡಿದೆ. ಸಾಮಾನೆಂದರೆ ಲೆವೆಲ್ ಯಂತ್ರ, ಅಳತೆಯ ಕೋಲು, ದಿಕ್ಸೂಚಿ, ನಾಲ್ಕು ಸುತ್ತಿಗೆ, ಒಂದು ಉದ್ದ ಹಗ್ಗ. ಉಕ್ಕಿನ ಟೇಪು ಬೇಕೆಂದು ನಾನು ಕೇಳುತ್ತ ಬಂದು ವರ್ಷಗಳಾಗಿದ್ದವು. ಏಳು ಹುಡುಗರ ವಿಭಾಗಕ್ಕೆ ಉಕ್ಕಿನ ಟೇಪು ಯಾಕೆ ಅನ್ನುವ ಉತ್ತರ ಬಂದಿತ್ತು.

ಮೊದಲು ಹುಡುಗರನ್ನು ಘಟಪ್ರಭೆಯ ಕೊಳ್ಳಕ್ಕೆ ಕರೆದುಕೊಂಡು ಹೋದೆ. ನದಿ ಅಲ್ಲಿ ಹಾಸುಗಲ್ಲನ್ನು ಕಡಿದು ಕೆಳಗೆ ಧುಮುಕುತ್ತದೆ. ಬಂಡೆಯ ಗೋಡೆ ನಿಚ್ಚಳ ಕಾಣುತ್ತದೆ. ಅಡಿಯಲ್ಲಿರುವುದು ಹಳೆಯ ಮರಳುಗಲ್ಲು. ಇಲ್ಲಿಂದ ಸುತ್ತಮುತ್ತ ದಿಬ್ಬಗಳ ಕಡೆ ನಡೆದರೆ ಆ ಮರಳುಗಲ್ಲಿನ ಮೇಲೆ ಕರಿಕಲ್ಲು ಹಾಸಿಕೊಂಡಿರುವುದು ಸಿಗುತ್ತದೆ. ಒಂದು ಕಾಲಕ್ಕೆ ಭೂಮಿ ಸೀಳಿ ಹರಿದುಬಂದ ಬೆಂಕಿಯ ರಸ ಆರಿ ಕಲ್ಲಾದದ್ದು ಅದು. ಒಂದೇ ಸಲ ಹರಿದದ್ದಲ್ಲ, ಒಂದರ ಮೇಲೊಂದು, ರೊಟ್ಟಿ ಒಟ್ಟಿದ ಹಾಗೆ. ಎರಡು ಹಾಸಿನ ನಡುವೆ ಇಟ್ಟಂಗಿ ಬಣ್ಣದ ಮಣ್ಣಿನ ಒಂದು ತೆಳು ಪದರ. ಮಳೆಯ ನೀರು ಮೇಲಿನ ಗರಸಿನಲ್ಲಿ, ಅಂದರೆ ಪುಡಿಯಾದ ಸಡಿಲ ಕಲ್ಲಿನಲ್ಲಿ, ಇಳಿದು ಆ ಕೆಂಪು ಪದರದ ಮೇಲೆ ಬಂದು ನಿಲ್ಲುತ್ತದೆ, ಅದನ್ನು ದಾಟಿ ಕೆಳಗಿಳಿಯುವುದಿಲ್ಲ. ಕೆಳಗಿನದು ಗಟ್ಟಿ ಕರಿಕಲ್ಲು, ಒಣಾ ಕಲ್ಲು. ಇಷ್ಟು ತಿಳಿದರೆ ನಮ್ಮ ಕಡೆಯ ಅರ್ಧ ಬಾವಿಗಳ ಜಾತಕ ತಿಳಿದ ಹಾಗೆ.

ಬಾವಿ ಅಳೆಯುವ ರೀತಿ ಸರಳ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಗುಂಡಿನಿಂದ ಮೇಲೆ ಒಂದಿಷ್ಟು ಉದ್ದಕ್ಕೆ ಸೀಮೆಸುಣ್ಣ ತಿಕ್ಕಬೇಕು. ಬಾವಿಯ ಕಟ್ಟೆಯ ಗೊತ್ತಾದ ಒಂದು ಕಲ್ಲಿನಿಂದ ಬಿಟ್ಟು ಮೇಲೆತ್ತಿದರೆ, ನೀರು ಮುಟ್ಟಿದಲ್ಲಿಯ ತನಕ ಸುಣ್ಣ ಒದ್ದೆಯಾಗಿ ಕಪ್ಪಾಗಿರುತ್ತದೆ, ಮೇಲೆ ಬೆಳ್ಳಗೆ ಉಳಿದಿರುತ್ತದೆ. ಆ ಗೆರೆಯೇ ನೀರಿನ ಮಟ್ಟ. ಆಮೇಲೆ ಲೆವೆಲ್ ಯಂತ್ರದಿಂದ ಒಂದು ಬಾವಿಯ ಕಟ್ಟೆ ಇನ್ನೊಂದಕ್ಕಿಂತ ಎಷ್ಟು ಎತ್ತರ ಅಂತ ತೆಗೆದು, ಎಲ್ಲ ಬಾವಿಗಳ ನೀರನ್ನು ಒಂದೇ ನಕ್ಷೆಗೆ ತರಬೇಕು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಅಂತ ಆ ನಕ್ಷೆ ಹೇಳುತ್ತದೆ.

ಎಂಜಿನಿಯರನೂ ಇದನ್ನೇ ಮಾಡಿದ್ದ, ಉಕ್ಕಿನ ಟೇಪಿನಿಂದ. ಹುಕ್ಕೇರಿ ಕಡೆಯ ಬಾವಿ, ಮೂಡಲಗಿ ದಿಬ್ಬದ ಬಾವಿ, ಎರಡೂ ಹೋಲಿಸಲಿಕ್ಕೆಂದು ಅಳೆದು, ಹುಕ್ಕೇರಿ ಕಡೆ ನೀರು ಆಳದಲ್ಲಿದೆ, ದಿಬ್ಬದ ಊರಲ್ಲಿ ಬಹಳ ಮೇಲಿದೆ, ರಸ್ತೆಯ ಬಾಜೂ ತೋಡಿದರೆ ಸಾಕು ಅಂತ ಬರೆದಿದ್ದ. ನಾನು ಮೊದಲು ಹುಕ್ಕೇರಿಗೆ ಹೋದೆ. ಅದು ನನ್ನ ಸ್ವಂತ ತಾಲೂಕು, ಅಲ್ಲಿಯ ಬಾವಿಗಳಲ್ಲಿ ಈಜು ಕಲಿತವನು ನಾನು. ಅಳೆದೆವು. ಎಂಜಿನಿಯರನ ಅಂಕಿ, ನಮ್ಮ ಅಂಕಿ ಹೆಚ್ಚುಕಡಿಮೆ ಒಂದೇ ಬಂದವು. ನಮ್ಮ ಹಗ್ಗ ಸುಳ್ಳು ಹೇಳುವುದಿಲ್ಲ ಅಂತ ಹುಡುಗರಿಗೆ ಖುಷಿಯೋ ಖುಷಿ.

ದಿಬ್ಬದ ಊರಿಗೆ ಬಂದು ಅಳೆದಾಗ ಆ ಖುಷಿ ಇಳಿದು ಹೋಯಿತು. ಒಂದು ಬಾವಿಯಲ್ಲೂ ಎಂಜಿನಿಯರ್ ಬರೆದಷ್ಟು ಮೇಲೆ ನೀರಿರಲಿಲ್ಲ. ಎಲ್ಲದರಲ್ಲೂ ಒಬ್ಬಾಳುದ್ದಕ್ಕಿಂತ ಹೆಚ್ಚು ಕೆಳಗೆ. ಒಂದೆರಡು ಬಾವಿಯಲ್ಲಿ ಹಾಗಾಗಿದ್ದರೆ ಇರಲಿ ಅನ್ನಬಹುದಿತ್ತು, ಒಂದೂ ಬಿಡದೆ ಎಲ್ಲಾ ಬಾವಿ!

ಹಗ್ಗ ತೊಯ್ದು ಹಿಗ್ಗಿದೆಯೇನೋ ಅಂತ ಅದನ್ನು ಒಣಗಿಸಿ, ಅಂಗಳದಲ್ಲಿ ಹಾಸಿ, ಕೋಲಿನಿಂದ ಅಳೆದೆವು. ಹಿಗ್ಗಿರಲಿಲ್ಲ. ಲೆವೆಲ್ ಯಂತ್ರದ ಗುಳ್ಳೆ ಸರಿದಿದೆಯೇನೋ ಅಂತ ಸುತ್ತ ಹಾಕಿ ಹೊರಟ ಜಾಗಕ್ಕೇ ವಾಪಸ್ ಬಂದು ನೋಡಿದೆವು. ಸರಿಯಾಗಿ ಕೂಡಿತು. ಹುಡುಗರು ಓದಿದ್ದು ತಪ್ಪೇನೋ ಅಂತ ಬಿಸಿಲಲ್ಲಿ ಎಲ್ಲ ಬಾವಿಯನ್ನೂ ನಾನೇ ಇನ್ನೊಮ್ಮೆ ಅಳೆದೆ. ಅದೇ ಅಂಕಿ. ನೆತ್ತಿ ಕಾದು ಹೋಗಿತ್ತು, ತಲೆಯೊಳಗೆ ಅದಕ್ಕಿಂತ ಹೆಚ್ಚು.

ಎಂಜಿನಿಯರನಿಗೆ ಒಂದು ಕಾರ್ಡು ಬರೆದೆ, ನೀವು ಹೇಗೆ ಅಳೆದಿರಿ ಅಂತ. ಹಗ್ಗದಿಂದ ಅಳೆಯುವವರು ಉಕ್ಕಿನ ಟೇಪಿನವರನ್ನು ಪ್ರಶ್ನೆ ಮಾಡುವುದು ಆಶ್ಚರ್ಯದ ಸಂಗತಿ ಎಂದು ಉತ್ತರ ಬಂತು. ನಾನು ಅದನ್ನು ಹುಡುಗರಿಗೆ ಓದಿ ತೋರಿಸಲಿಲ್ಲ. ಧರ್ಮಶಾಲೆಯ ಒಲೆಗೆ ಹಾಕಿದೆ.

ಆ ಊರಿನ ಗೌಡರು ವಯಸ್ಸಾದವರು, ಮಾತು ಕಡಿಮೆ. ನಾವು ಬಾವಿಯಿಂದ ಬಾವಿಗೆ ಓಡಾಡುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವತ್ತು ಅವರ ತೋಟದಲ್ಲಿ ಕಪಲಿ ನಡೆದಿತ್ತು. ಎತ್ತಿನ ಜೋಡಿ ಇಳಿಜಾರಿಗೆ ಇಳಿದ ಹಾಗೆ ದೊಡ್ಡ ತೊಗಲ ಚೀಲ ತುಂಬಿಕೊಂಡು ಮೇಲೆ ಬರುತ್ತಿತ್ತು, ನೀರು ಕಬ್ಬಿನ ಸಾಲಿಗೆ ಓಡುತ್ತಿತ್ತು.

ನಾನು ಸಾಕಾಗಿ ಅವರ ಬಾಜೂ ಕೂತೆ. "ಗೌಡ್ರ, ಆ ಪುಣೆದ ಎಂಜಿನಿಯರ್ ಬಂದಾಗ ಬಾವಿ ತುಂಬಿತ್ತೇನ್ರಿ?"

"ತುಂಬಿತ್ರಿ."

"ಮಳಿ ಆಗಿತ್ತೇನ್ರಿ?"

"ಎಲ್ಲೀ ಮಳಿ? ಈ ಬ್ಯಾಸಿಗ್ಯಾಗನ ಬಂದಿದ್ರು. ಐತವಾರ ಸಂಜಿಮುಂದ ಮೂಡಲಗಿಗೆ ಬಂದು ಇಳದಿದ್ರು. ಮರುದಿನ ಇಲ್ಲಿ ಎಲ್ಲಾ ಬಾವಿ ಅಳದು, ಮಧ್ಯಾಹ್ನ ಊಟ ಮಾಡಿ ಹುಕ್ಕೇರಿ ಕಡೆ ಹ್ವಾದ್ರು. ನಮ್ಮ ಮನ್ಯಾಗ ಊಟ. ಹೋಳಿಗಿ ಬಾಳ ಚಲೋ ಆಗೈತಿ ಅಂದ್ರು."

ಐತವಾರದ ಮರುದಿನ. ನಾನು ಎದ್ದು ನಿಂತುಬಿಟ್ಟೆ. "ಸೋಮವಾರ!" ಅಂದೆ.

"ಹೌದ್ರಿ, ಸೋಮಾರ. ಯಾಕ್ರಿ?"

ಹುಕ್ಕೇರಿ ತಾಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮ ಅಪ್ಪ ತನ್ನ ಜೀವಮಾನದಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಟ್ಟವನಲ್ಲ. ಅದು ಬಸವಣ್ಣನ ವಾರ. ನಮ್ಮ ಕಡೆ ಆ ದಿನ ನೇಗಿಲಿಲ್ಲ, ಚಕ್ಕಡಿ ಇಲ್ಲ, ಕಪಲಿಯೂ ಇಲ್ಲ. ಎತ್ತಿನ ಮೈ ತೊಳೆದು, ಮೇವು ಹಾಕಿ, ನೆರಳಲ್ಲಿ ಕಟ್ಟುತ್ತಾರೆ. ಐತವಾರ ಸಂಜೆ ನಿಂತ ಕಪಲಿ ಮತ್ತೆ ತಿರುಗುವುದು ಮಂಗಳವಾರ ನಸುಕಿಗೆ. ಅಷ್ಟು ಹೊತ್ತು ಬಾವಿಗೆ ಬಿಡುವು. ಗರಸಿನಿಂದ ಜಿನುಗಿ ಜಿನುಗಿ ನೀರು ಏರುತ್ತದೆ, ಬಾವಿ ತುಂಬಿ ಹಸನಾಗಿ ಕಾಣುತ್ತದೆ. ಪುಣೆಯ ಪಂಡಿತ ಬಂದು ಆ ನೀರನ್ನು ಉಕ್ಕಿನ ಟೇಪಿನಿಂದ ಕೂದಲೆಳೆಯಷ್ಟೂ ತಪ್ಪಿಲ್ಲದೆ ಅಳೆದಿದ್ದ. ಮಂಗಳವಾರ ಬುಧವಾರ ಹುಕ್ಕೇರಿ ಕಡೆ ಅಳೆದಾಗ ಅಲ್ಲಿ ಕಪಲಿ ನಡೆದಿದ್ದವು. ಎರಡನ್ನೂ ಒಂದೇ ನಕ್ಷೆಗೆ ಹಾಕಿ, ಆಹಾ, ದಿಬ್ಬದಲ್ಲಿ ನೀರು ಮೇಲಿದೆ ಅಂತ ತೀರ್ಪು ಕೊಟ್ಟುಬಿಟ್ಟ. ಊಟ ಹಾಕಿದ ಮನೆಯಲ್ಲಿ ಇವತ್ತು ಕಪಲಿಗೆ ಎತ್ತು ಯಾಕೆ ಹೂಡಿಲ್ಲ ಅಂತ ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಹೋಳಿಗೆ ಹೊಗಳಿ ಎದ್ದು ಹೋದ!

ಅನುಮಾನ ಉಳಿಯಬಾರದು ಅಂತ ಮುಂದಿನ ಸೋಮವಾರದವರೆಗೆ ಅಲ್ಲೇ ಕಾದೆವು. ಸೋಮವಾರ ಅಳೆದಾಗ ನಮ್ಮ ಅಂಕಿ ಅವನ ಅಂಕಿಯ ಮೇಲೆ ಹೋಗಿ ಕೂತಿತು. ಮಂಗಳವಾರ ಸಂಜೆ ಅಳೆದರೆ ಅದೇ ಬಾವಿಗಳು ಒಬ್ಬಾಳುದ್ದ ಕೆಳಗೆ. ಗೊತ್ತು ಮಾಡಿದ ಜಾಗದ ಹತ್ತಿರ ಹಿಂದೆ ಯಾರೋ ತೋಡಿ ಬಿಟ್ಟ ಗುಂಡಿಯೊಂದಿತ್ತು. ಅದಕ್ಕಿಳಿದು ನೋಡಿದೆ. ಗರಸಿನ ಕೆಳಗೆ ಕೆಂಪು ಪದರ, ಅದರ ಕೆಳಗೆ ಸುತ್ತಿಗೆ ಹೊಡೆದರೆ ಗಂಟೆಯ ಹಾಗೆ ಖಣ್ ಅನ್ನುವ ಕರಿಕಲ್ಲು. ಅಲ್ಲಿ ಬಾವಿ ತೋಡಿದರೆ ಸುತ್ತಲಿನ ಕಪಲಿಗಳು ಕುಡಿಯುವ ತೆಳು ನೀರಿಗೇ ಇನ್ನೊಂದು ಬಾಯಿ ಇಟ್ಟಂತೆ. ಸೋಮವಾರ ಒಂದು ದಿನ ತುಂಬೀತು, ಉಳಿದ ದಿನ ಕೆಸರು. ನಾವು ಊರ ಕೆಳಗಿನ ಹಳ್ಳದ ದಂಡೆಯನ್ನೂ ನೋಡಿದೆವು. ಅಲ್ಲಿ ಕರಿಕಲ್ಲಿನ ಹಾಸು ಮುಗಿದು ಸೀಳು ಬಿಟ್ಟ ಮರಳುಗಲ್ಲು ಶುರುವಾಗುತ್ತಿತ್ತು, ಬೇಸಿಗೆಯಲ್ಲೂ ಹುಲ್ಲು ಹಸಿರಿತ್ತು. ಊರಿಂದ ಸ್ವಲ್ಪ ದೂರ, ಖರೆ. ಆದರೆ ನೀರು ಅಲ್ಲಿತ್ತು.

ಇದನ್ನೆಲ್ಲ ನಕ್ಷೆ ಸಮೇತ ಬರೆದು ವಕೀಲರಿಗೆ ಕಳಿಸಿದೆ. ಅವರು ಗೋಕಾಕದಲ್ಲಿ ಒಂದು ಮೊಕದ್ದಮೆಗೆ ಬಂದವರು ನನ್ನನ್ನು ತಾವು ಇಳಿದುಕೊಂಡಲ್ಲಿಗೆ ಕರೆಸಿದರು. ಬಿಳೀ ರುಮಾಲು, ಬಾಯ್ತುಂಬ ಎಲೆ, ನಗುಮುಖ. ನನ್ನ ವರದಿ ಅವರ ಮುಂದಿತ್ತು.

"ಏನ್ ಚಂದ ಬರದೀರಿ ಸಾಹೇಬ್ರ! ನಕ್ಷಾ ನೋಡಿದ್ರ ಗ್ವಾಡಿಗೆ ತೂಗು ಹಾಕಬೇಕು ಅನಸ್ತೈತಿ. ಒಂದ ಮಾತು. ಈ ಸೋಮವಾರ ಮಂಗಳವಾರದ್ದು ತಗದ ಬಿಡ್ರಿ. ಹಳ್ಳದ ದಂಡಿದೂ ಬ್ಯಾಡ. ಉಳದದ್ದು ಹಂಗಽ ಇರಲಿ."

"ಅದನ್ನ ತಗದ್ರ ಉಳಿಯೋದು ಏನ್ರಿ? ನಕ್ಷಾದ ಬಣ್ಣ ಅಷ್ಟ."

"ಅಲ್ರೀ, ಹಳ್ಳದ ದಂಡಿಗೆ ಮೋಟಾರು ಹೋಗಾಕ ದಾರಿ ಐತೇನು? ದೊಡ್ಡ ಸಾಹೇಬ್ರನ್ನ ಕರಿಸಬೇಕು, ದಾನ ಕೊಟ್ಟವರು ಬರ್ತಾರ, ಅವರ ಹೆಸರಿನ ಕಲ್ಲು ರಸ್ತಾಕ್ಕ ಕಾಣಬೇಕು. ಹಳ್ಳದಾಗ ಕಲ್ಲು ಹಚ್ಚಿದ್ರ ಅದನ್ನ ಓದಾವ್ರು ಯಾರು, ಎಮ್ಮೀನ?"

ನಾನು ವರದಿ, ನಕ್ಷೆ ಎರಡನ್ನೂ ಸುತ್ತಿ ಕೈಗೆತ್ತಿಕೊಂಡೆ. ಅವರು ಮೆಲ್ಲಗೆ ಅಂದರು, "ನಿಮ್ಮ ವಿಷಯ ಉಳೀಬೇಕೋ ಬ್ಯಾಡೋ ನೋಡ್ರಿ. ನಾಕ ಸಾಲಿನ ಮಾತು. ಸಮಿತಿ ಮುಂದ ನಾ ಒಬ್ಬನ ನಿಮ್ಮ ಪರ ಇರಾಂವ."

ಕಾಲೇಜಿಗೆ ವಾಪಸ್ ಬಂದಾಗ ಪ್ರಿನ್ಸಿಪಾಲರಿಗೆ ಎಲ್ಲ ಗೊತ್ತಾಗಿತ್ತು. ಈ ಸಲ ಚಹಾ ಇಲ್ಲ, ಕೈ ಹಿಡಿದುಕೊಂಡರು. "ನಾಕ ಸಾಲರೀ. ಆ ನಾಕ ಸಾಲಿನ ಸಲುವಾಗಿ ಕಪಾಟು, ಕಲ್ಲು, ಹುಡುಗೂರು ಎಲ್ಲಾ ಹಾಳ ಮಾಡ್ಕೋತೀರೇನು? ನೀವು ಬ್ಯಾಡ ಅಂದ್ರೂ ಅವರು ಅಲ್ಲೇ ತೋಡಾವ್ರ."

ನಿಜ ಹೇಳುತ್ತೇನೆ, ಆ ಮಾತು ನನ್ನನ್ನು ಅಲ್ಲಾಡಿಸಿತು. ಖೋಲಿಗೆ ಹೋದೆ. ಹುಡುಗನೊಬ್ಬ ಆ ಊರಿನ ಕೆಂಪು ಪದರದ ಚೂರನ್ನು ತಟ್ಟೆಯ ಮೇಲೆ ತೇಯುತ್ತಿದ್ದ. ಅದು ಮೆತ್ತಗಿನ ಮಣ್ಣು, ತೇಯಲು ಬರುವುದಿಲ್ಲ. ಮೊದಲು ರಾಳದಲ್ಲಿ ಕುದಿಸಿ ಗಟ್ಟಿ ಮಾಡಿಕೊಳ್ಳಬೇಕು. ಅವನು ಅದನ್ನು ಮೂರು ಸಲ ಕೆಡಿಸಿಕೊಂಡು ನಾಲ್ಕನೆಯ ಸಲಕ್ಕೆ ಕೂತಿದ್ದ. ಯಾಕಪ್ಪ ಇಷ್ಟು ಒದ್ದಾಡುತ್ತಿ, ಪರೀಕ್ಷೆಗೆ ಇದು ಬರುವುದಿಲ್ಲ ಅಂದೆ. "ನೀರು ಯಾಕ ಹಾಯಂಗಿಲ್ಲ ಅಂತ ನೋಡಬೇಕಾಗೇತ್ರೀ ಸರ್," ಅಂದ, ತಲೆ ಎತ್ತದೆ. ನನಗೆ ಕಣ್ಣು ತುಂಬಿ ಬಂತು. ಇದನ್ನು ಉಳಿಸಲಿಕ್ಕೆ ಅಂತ ಸುಳ್ಳು ಬರೆದರೆ ನಾಳೆ ಇದೇ ಖೋಲಿಯಲ್ಲಿ ನಿಂತು ಈ ಹುಡುಗನಿಗೆ ಏನು ಕಲಿಸಲಿ? ಸುಳ್ಳು ಬರೆಯಲಿಕ್ಕೆ ಭೂಗರ್ಭಶಾಸ್ತ್ರ ಯಾಕೆ ಬೇಕು, ಭೂಗೋಳವೇ ಸಾಕಲ್ಲ!

ಏಳೂ ಹುಡುಗರನ್ನು ಕೂಡಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ವಿಷಯ ಹೋಗಬಹುದು, ನಿಮ್ಮ ಪದವಿ ಅರ್ಧಕ್ಕೆ ನಿಲ್ಲಬಹುದು, ನನ್ನ ನೌಕರಿಯೂ ಅಷ್ಟೇ ಅಂದೆ. ಅವರಲ್ಲೊಬ್ಬ, "ಮಂಗಳವಾರ ಹಗ್ಗ ಬಿಟ್ಟಾಂವ ನಾನ್ರೀ ಸರ್. ನಾ ಓದಿದ ಅಂಕಿ ತಗೀಬ್ಯಾಡ್ರಿ," ಅಂದ. ವರದಿಯನ್ನು ಒಂದಕ್ಷರ ತೆಗೆಯದೆ ಸಹಿ ಮಾಡಿ ವಕೀಲರಿಗೆ ವಾಪಸ್ ಕಳಿಸಿದೆ. ಆಮೇಲೆ ತಿಂಗಳುಗಟ್ಟಲೆ ಒಂದು ಸುದ್ದಿಯೂ ಇಲ್ಲ. ನಾನು ಕಪಾಟಿನ ಕಲ್ಲುಗಳನ್ನು ಯಾವ ಕಾಲೇಜಿಗೆ ದಾನ ಕೊಡಬೇಕು ಅಂತ ಯೋಚಿಸತೊಡಗಿದ್ದೆ.

ಮುಂದಿನ ಬೇಸಿಗೆ ಶುರುವಾದಾಗ ಒಂದೇ ಟಪಾಲಿನಲ್ಲಿ ಎರಡು ಕಾಗದ ಬಂದವು. ಒಂದು ವಿಶ್ವವಿದ್ಯಾಲಯದ್ದು. ಗ್ರಾಮದ ಬಾವಿಗೆ ಸ್ಥಳ ಗೊತ್ತು ಮಾಡುವಲ್ಲಿ ಸದರಿ ವಿಷಯದ ಸ್ಥಾನಿಕ ಉಪಯೋಗ ಸಿದ್ಧವಾದ್ದರಿಂದ ಭೂಗರ್ಭಶಾಸ್ತ್ರವನ್ನು ಮುಂದುವರಿಸಲಾಗಿದೆ ಅಂತ ಇತ್ತು. ಇನ್ನೊಂದು ಆಮಂತ್ರಣ ಪತ್ರಿಕೆ, ದಿಬ್ಬದ ಊರಿನ ಹೊಸ ಬಾವಿಯ ಉದ್ಘಾಟನೆಯದು. ಜಾಗ ರಸ್ತೆಯ ಬಾಜೂ. ವಾರ ಸೋಮವಾರ.

ಪ್ರಿನ್ಸಿಪಾಲರು ಓಡಿ ಬಂದು ನನ್ನ ಬೆನ್ನು ಚಪ್ಪರಿಸಿದರು. "ಗೆದ್ರಿ ನೋಡ್ರಿ!" ಅಂದರು. ನನಗೆ ಮೈಯೆಲ್ಲ ಉರಿದು ಹೋಯಿತು. ನಾನು ಬರೆದದ್ದನ್ನು ಬಿಸಾಕಿ, ಬರೆಯದೇ ಇದ್ದದ್ದಕ್ಕೆ ನನಗೆ ಶಾಭಾಸಕಿ!

ಹೋದೆ. ಹಂದರ ಹಾಕಿದ್ದರು, ಬ್ಯಾಂಡು ತರಿಸಿದ್ದರು, ರಸ್ತೆಯ ಮೇಲೆ ಮೂರು ಮೋಟಾರು. ಬಾವಿಯ ಕಟ್ಟೆಗೆ ಒಂದು ನಯಗೊಳಿಸಿದ ಕರಿಕಲ್ಲು. ಅದರಲ್ಲಿ ದಾನಿಗಳ ಹೆಸರು, ವಕೀಲರ ಹೆಸರು, ಎಲ್ಲಕ್ಕೂ ಕೆಳಗೆ ಒಂದು ಸಾಲು: "ಸ್ಥಳ ನಿರ್ಣಯ: ಭೂಗರ್ಭಶಾಸ್ತ್ರ ವಿಭಾಗ." ಬಾವಿಯಲ್ಲಿ ಬಗ್ಗಿ ನೋಡಿದೆ. ನೀರು ತುಂಬಿ ಆಕಾಶ ಕಾಣುತ್ತಿತ್ತು. ಸುತ್ತಲಿನ ತೋಟಗಳಲ್ಲಿ ಎತ್ತುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ವಕೀಲರು ನನ್ನನ್ನು ಮುಂದೆ ಕರೆದು ಮಾಲೆ ಹಾಕಿಸಿ ಎರಡು ಮಾತು ಆಡಿಸಿದರು. "ಈ ಜಾಗಾ ನಾ ಹೇಳಿದ್ದಲ್ರಿ. ಹೌದೋ ಅಲ್ಲೋ ನೋಡಬೇಕಂದ್ರ ನಾಳಿ ಮಂಗಳವಾರ ಸಂಜಿಕಿ ಎಲ್ಲಾರೂ ಬರ್ರಿ," ಅಂದೆ. ಹಂದರದ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. "ಎಷ್ಟು ವಿನಯ ನೋಡ್ರಿ ಪ್ರೊಫೆಸರ್ ಸಾಹೇಬ್ರದ್ದು," ಅಂದರು ವಕೀಲರು. ಹಿಂದೆ ಕೂತ ಊರ ಮಂದಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪೇಢೆ ಹಂಚಿ ಮೋಟಾರುಗಳು ಧೂಳೆಬ್ಬಿಸಿ ಹೋದವು.

ನಾನು ಗೌಡರ ಮನೆಯಲ್ಲಿ ಉಳಿದೆ. ಮಂಗಳವಾರ ನಸುಕಿಗೇ ಕಪಲಿಗಳ ಗಾಲಿಯ ಸಪ್ಪಳ ಶುರುವಾಯಿತು. ಸಂಜೆ ಹೆಂಗಸರು ಹೊಸ ಬಾವಿಗೆ ಹೊಸ ಹಗ್ಗ, ತಿಕ್ಕಿ ಬೆಳಗಿದ ಕೊಡ ತಗೊಂಡು ಬಂದರು. ಮೊದಲ ಕೊಡ ಗೌಡ್ತಿಯದೇ. ಹಗ್ಗ ಪೂರಾ ಬಿಟ್ಟಳು. ಕೆಳಗೆ ಕೊಡ ಕಲ್ಲಿಗೆ ತಾಗಿದ ಸದ್ದು ಬಂತು. ಮೇಲೆತ್ತಿದಾಗ ತಳದಲ್ಲೊಂದಿಷ್ಟು ರಾಡಿ ಇತ್ತು.

ಗೌಡ್ತಿ ಸೆರಗಿನಿಂದ ಕೊಡದ ಬಾಯಿ ಒರೆಸಿ, ಆ ಕಲ್ಲನ್ನು ನೋಡಿ, ನನ್ನ ಕಡೆ ತಿರುಗಿದಳು. "ಮಾಸ್ತರ್ರ, ನಮಗ ಓದಾಕ ಬರಂಗಿಲ್ಲ. ಇದರಾಗ ನಿಮ್ಮ ಹೆಸರೂ ಐತಿ ಅಂತ ನಮ್ಮ ಯಜಮಾನ್ರು ಅಂದ್ರು. ಹಂಗಾರ ದಿನಾ ಸಂಜಿಕಿ ನಾವು ಯಾರಿಗೆ ಬೈಬೇಕು, ಅವರಿಗೋ ನಿಮಗೋ?"

ಚೀಲದಲ್ಲಿ ಸುತ್ತಿಗೆ ಇತ್ತು, ಕಲ್ಲು ಒಡೆಯುವ ನಮ್ಮ ಸುತ್ತಿಗೆ, ಜೊತೆಗೊಂದು ಉಳಿ. ಮಂಡಿಯೂರಿ ಕೂತು ಕೊನೆಯ ಸಾಲಿಗೆ ಉಳಿ ಇಟ್ಟೆ. ಗೌಡರು ಬಂದು ಭುಜದ ಮೇಲೆ ಕೈ ಇಟ್ಟು, "ಮಾಸ್ತರ್ರ, ನಿಮ್ಮ ಕಾಲೇಜಿನ ವಿಷಯ ಉಳದದ್ದು ಇದರಿಂದ ಅಂತಾರಲ್ರೀ?" ಅಂದರು.

"ಹೌದ್ರಿ ಗೌಡ್ರ. ಅದಕ್ಕ ಬಡ್ಯಾಕತ್ತೇನಿ," ಅಂದೆ. ಅವರು ಕೈ ತೆಗೆದರು. ಬಲು ಗಟ್ಟಿ ಕಲ್ಲು ಅದು, ಕಿಡಿ ಹಾರಿದವು. ಉಳಿದ ಯಾರ ಹೆಸರಿಗೂ ನಾನು ಉಳಿ ತಾಗಿಸಲಿಲ್ಲ. ಅವರವರ ಹೆಸರು ಅವರವರಿಗೇ ಇರಲಿ. ನಮ್ಮ ಸಾಲನ್ನು ಮಾತ್ರ ಒಂದಕ್ಷರ ಉಳಿಯದ ಹಾಗೆ ಒಡೆದು ಹಾಕಿದೆ.

ವಿಶ್ವವಿದ್ಯಾಲಯಕ್ಕೂ ಬರೆದೆ. ಬಾವಿ ಬತ್ತಿದೆ, ಜಾಗ ನಮ್ಮದಲ್ಲ, ವಿಷಯವನ್ನು ಉಳಿಸುವುದಾದರೆ ಬೇರೆ ಕಾರಣ ಹುಡುಕಿಕೊಳ್ಳಿ ಅಂತ. ಪ್ರಿನ್ಸಿಪಾಲರು ತಲೆಯ ಮೇಲೆ ಕೈ ಹೊತ್ತು ಕೂತರು. "ಮುಗೀತ್ರಿ. ಗರಡಿ ಖೋಲಿ ದೊಡ್ಡದು ಮಾಡಬೇಕಂತಿದ್ರು, ಇನ್ನ ಗ್ವಾಡಿ ಒಡಸೂದ," ಅಂದರು. ನಾನೂ ಹಾಗೇ ತಿಳಿದೆ. ದಿನಾ ಟಪಾಲಿನವನ ದಾರಿ ನೋಡಿದೆ. ವರ್ಷ ಹೋಯಿತು, ಮತ್ತೊಂದು ವರ್ಷ ಹೋಯಿತು, ಉತ್ತರವೇ ಇಲ್ಲ. ಮೆಲ್ಲಗೆ ತಿಳಿಯಿತು. ನಮ್ಮನ್ನು ತೆಗೆದು ಹಾಕಬೇಕೆಂದರೆ ಮೊದಲಿನ ಠರಾವು ರದ್ದು ಮಾಡಬೇಕು. ಅದಕ್ಕೆ ಕಾರಣ ಬರೆಯಬೇಕು. ಕಾರಣ ಬರೆದರೆ ಬಾವಿಯಲ್ಲಿ ನೀರಿಲ್ಲ ಅಂತ ಬರೆಯಬೇಕು. ಅದನ್ನು ಬರೆಯುವ ಗಂಡಸು ಆ ಸಮಿತಿಯಲ್ಲಿ ಒಬ್ಬನೂ ಇರಲಿಲ್ಲ. ನಮ್ಮ ಶಾಸ್ತ್ರ ಉಳಿದದ್ದು ಅವರ ಬುದ್ಧಿಯಿಂದಲ್ಲ, ನನ್ನ ನಿಯತ್ತಿನಿಂದಲೂ ಅಲ್ಲ, ಅವರ ನಾಚಿಕೆಯಿಂದ. ಉಳಿಯಲಿಕ್ಕೆ ಯೋಗ್ಯವಾದದ್ದು ಉಳಿಯಬೇಕಾದರೆ ಇಂಥ ಹೊಲಸು ದಾರಿಯೇ ಆಗಬೇಕಿತ್ತೆ?

ಹಳ್ಳದ ದಂಡೆಯಲ್ಲಿ ಗೌಡರು ಊರ ಮಂದಿಯನ್ನು ಕೂಡಿಸಿ ತಾವೇ ತೋಡಿಸಿದರು. ನಾನು ಮತ್ತು ಹುಡುಗರು ಗೆರೆ ಹಾಕಿ ಕೊಟ್ಟೆವು, ಒಂದಿಷ್ಟು ಮಣ್ಣನ್ನೂ ಹೊತ್ತೆವು. ನೀರು ಬಂತು. ಅಲ್ಲಿ ಯಾವ ಕಲ್ಲನ್ನೂ ಹಚ್ಚಲಿಲ್ಲ.

ಪ್ರತಿ ವರ್ಷ ಹೊಸ ಹುಡುಗರನ್ನು ಮೊದಲ ಪಾಠಕ್ಕೆ ನಾನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಮಂಗಳವಾರ ಸಂಜೆ. ಮೊದಲು ರಸ್ತೆಯ ಬಾವಿ, ಆಮೇಲೆ ಹಳ್ಳದ್ದು. ಕಳೆದ ಸಲ ಒಬ್ಬ ಹುಡುಗ ಕಟ್ಟೆಯ ಮೇಲಿನ ಹೆಸರುಗಳನ್ನು ಓದುತ್ತ ಬಂದು, ಒಡೆದ ಸಾಲಿನ ಮೇಲೆ ಬೆರಳಾಡಿಸಿ, "ಇಲ್ಲಿ ಯಾರ ಹೆಸರಿತ್ರೀ ಸರ್?" ಅಂದ.

"ನಮ್ಮದು," ಅಂದೆ.

"ಮತ್ತ ಯಾಕ ಒಡದಾರ್ರೀ?"

"ಹಗ್ಗ ಬಿಡು, ಗೊತ್ತಾಗ್ತೈತಿ."

ಅವನು ಸೀಮೆಸುಣ್ಣ ತಿಕ್ಕಿ, ಗುಂಡು ಕಟ್ಟಿ, ನಿಧಾನ ಬಿಟ್ಟ. ಗುಂಡು ಕೆಳಗೆ ಖಣ್ ಅಂದಿತು. ಮೇಲೆತ್ತಿ ನೋಡಿದ. ಸುಣ್ಣ ಹಚ್ಚಿದ ಹಗ್ಗ ಹೋದ ಹಾಗೆಯೇ ಬೆಳ್ಳಗೆ ವಾಪಸ್ ಬಂದಿತ್ತು.